ಸಣಕಲು ಕೂಸಿನೊಳಗಿನ ಕೊಬ್ಬು

ಮೈಸೂರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೂ ಬರೆದಿಡುತ್ತಿದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಸಂಶೋಧಕರು ಆ ದಾಖಲೆ ಹಿಡಿದು, ಅದರಲ್ಲಿದ್ದವರನ್ನು ಹುಡುಕಿ ತಪಾಸಣೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಬೆನ್ನು ಬಿಡದ ಸಂಶೋಧಕರು 1997-98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಅಧ್ಯಯನ ಶುರು ಮಾಡಿದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಮೈಸೂರಿನ ಜಿ.ವಿ. ಕೃಷ್ಣವೇಣಿ ಈ ಕೆಲಸದ ಪ್ರಮುಖರು.

ಈ ಸಲ ತಕ್ಕಡಿಯ ಜೊತೆಗೆ ಕ್ಯಾಲಿಪರ್ ಕೂಡ ಇತ್ತು. ತುದಿ ಚಪ್ಪಟೆಯಾದ, ಮೇಲೊಂದು ಮುಳ್ಳಿರುವ ಇಕ್ಕಳ ಅದು. ಕೂಸಿನ ಎಡ ಹೆಗಲೆಲುಬಿನ ತುದಿಯ ಕೆಳಗೆ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮೆತ್ತಗೆ ಎತ್ತಿ, ಆ ಮಡಿಕೆಗೆ ಇಕ್ಕಳ ಕಚ್ಚಿಸಿ, ಮುಳ್ಳು ನಿಲ್ಲುವ ತನಕ ಕಾದು ಮಿಲಿಮೀಟರ್ ಓದಿಕೊಳ್ಳಬೇಕು. ಸ್ನಾಯು ಒಳಗೇ ಉಳಿಯುತ್ತದೆ; ಬೆರಳಿಗೆ ಸಿಗುವುದು ಚರ್ಮ ಮತ್ತು ಅದರಡಿಯ ಕೊಬ್ಬು. ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಎಲ್ಲ ಅಳತೆಯಲ್ಲೂ ಚಿಕ್ಕವು. ಬೆನ್ನಿನ ಮಡಿಕೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ದಪ್ಪ! ನಾಲ್ಕು ವರ್ಷ ತುಂಬುವಾಗ ಅದೇ ಮಕ್ಕಳು ಇನ್ನೂ ಕುಳ್ಳಗೆ, ತೆಳ್ಳಗೆ ಇದ್ದರೂ ಬೆನ್ನಿನ ಕೊಬ್ಬಿನಲ್ಲಿ ಬ್ರಿಟನ್ನಿನ ಮಕ್ಕಳನ್ನು ಹಿಂದೆ ಹಾಕಿದ್ದರು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಸುತ್ತಲಿನ ಹಳ್ಳಿಗಳಲ್ಲಿ ಇದೇ ಬಗೆಯ ಕೂಸುಗಳನ್ನು ಕಂಡಿದ್ದರು. ಅಲ್ಲಿನ ಸರಾಸರಿ ಜನನತೂಕ 2.7 ಕಿಲೋ, ಸೌತಾಂಪ್ಟನ್ನಿನಲ್ಲಿ 3.5. ಕೊರತೆ ಬಿದ್ದದ್ದು ಸ್ನಾಯುವಿಗೆ, ಹೊಟ್ಟೆಯೊಳಗಿನ ಅಂಗಗಳಿಗೆ. ಕೊಬ್ಬು ಉಳಿದುಕೊಂಡಿತ್ತು. ಇಂಥ ಕೂಸಿಗೆ ಅವರು ‘ಥಿನ್-ಫ್ಯಾಟ್’ ಎಂದರು. ತಾಯಿಯ ಊಟದಲ್ಲಿ ಸತ್ವ ಸಾಲದಾದಾಗ ಗರ್ಭದೊಳಗಿನ ಜೀವ ಇದ್ದುದರಲ್ಲೇ ಮಿದುಳನ್ನು ಕಾಪಾಡಿಕೊಳ್ಳುತ್ತದೆ, ಸ್ನಾಯುವಿಗೆ ಕತ್ತರಿ ಹಾಕುತ್ತದೆ ಎನ್ನುವುದು ಇದಕ್ಕೆ ಕೊಡುವ ವಿವರಣೆ. ಪುಣೆಯ ಆ ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಬಿ12 ಜೀವಸತ್ವ ಕಡಿಮೆಯಿತ್ತು. ಉಂಡ ಅನ್ನದ ಸಕ್ಕರೆಯನ್ನು ದೇಹದಲ್ಲಿ ಅತಿ ಹೆಚ್ಚು ಹೀರಿಕೊಳ್ಳುವುದು ಸ್ನಾಯು. ಅದೇ ಕಡಿಮೆಯಿರುವ ಮಗುವಿಗೆ ಮುಂದೆ ಕ್ಯಾಲೊರಿ ಧಾರಾಳವಾಗಿ ಸಿಕ್ಕರೆ ಹೆಚ್ಚಾದದ್ದು ಕೊಬ್ಬಾಗಿ ಕೂರುತ್ತದೆ.

2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ: 22.3. ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮ ಮಕ್ಕಳ ಬಗ್ಗೆ ತಕ್ಕಡಿ ಕೊಡುವ ಸರ್ಟಿಫಿಕೇಟನ್ನು ನಂಬುವ ಮೊದಲು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು.

ಜಗತ್ತಿನ ಲೆಕ್ಕ ಈಗ ನೋಡೋಣ. 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 3.1 ಕೋಟಿ ಇದ್ದರು. 2022ಕ್ಕೆ ಸುಮಾರು 16 ಕೋಟಿ. 2025ರ ಸೆಪ್ಟೆಂಬರಿನಲ್ಲಿ ಯುನಿಸೆಫ್ ಇನ್ನೊಂದು ಸುದ್ದಿ ಕೊಟ್ಟಿತು: ಈ ವಯಸ್ಸಿನವರಲ್ಲಿ ಬೊಜ್ಜಿನವರ ಪಾಲು (ಶೇ 9.4) ತೂಕ ಸಾಲದವರ ಪಾಲನ್ನು (ಶೇ 9.2) ಮೊದಲ ಬಾರಿಗೆ ದಾಟಿದೆ. ಹೊರಗಿನಿಂದ ಬರುವ ಅಗ್ಗದ ಪ್ಯಾಕೆಟ್ ಆಹಾರ ಊರಿನ ಊಟವನ್ನು ತಳ್ಳಿಹಾಕಿದ ಪೆಸಿಫಿಕ್ ದ್ವೀಪ ನಿಯುವೆಯಲ್ಲಿ ಬೊಜ್ಜಿನವರ ಪಾಲು ಶೇ 38. ಬೊಜ್ಜು ಇನ್ನೂ ತೂಕದ ಕೊರತೆಯನ್ನು ದಾಟದೆ ಉಳಿದಿರುವುದು ಸಹಾರಾದ ದಕ್ಷಿಣದ ಆಫ್ರಿಕಾ ಮತ್ತು ನಮ್ಮ ದಕ್ಷಿಣ ಏಷ್ಯಾ. ಹಾಗೆಂದು ನಾವು ಪಾರಾದೆವು ಎಂದುಕೊಳ್ಳಲು ಧೈರ್ಯ ಸಾಲದು. ಆ ಲೆಕ್ಕವೆಲ್ಲ ಬಿಎಂಐ ಹಿಡಿದು ಮಾಡಿದ್ದು.

ಹಸಿವು ಒಂದು ತುದಿ, ಬೊಜ್ಜು ಇನ್ನೊಂದು ತುದಿ ಎಂದು ನಾವು ಭಾವಿಸಿದ್ದೇವೆ. ಇವೆರಡೂ ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಹುಟ್ಟುತ್ತವೆ ಎಂಬುದನ್ನು ಒಂದಿಡೀ ದೇಶ ಅನುಭವಿಸಿದ್ದು ನೋಡಬೇಕಾದರೆ ಚಿಲಿಗೆ ಹೋಗಬೇಕು. 1960ರ ಸುಮಾರಿಗೆ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 120 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಫರ್ನಾಂಡೊ ಮೊಂಕೆಬರ್ಗ್ ಎಂಬ ವೈದ್ಯರು ತೀವ್ರ ಅಪೌಷ್ಟಿಕತೆಯ ಕೂಸುಗಳಿಗೆಂದೇ ಆರೈಕೆ ಕೇಂದ್ರಗಳನ್ನು ಕಟ್ಟಿದರು. ಸರ್ಕಾರ ಹಾಲು ಹಂಚಿತು, ಶಾಲೆ, ಶಿಶುವಿಹಾರಗಳಲ್ಲಿ ಊಟ ಕೊಟ್ಟಿತು. ಒಂದೇ ತಲೆಮಾರಿನಲ್ಲಿ ಅಪೌಷ್ಟಿಕತೆ ಬಹುಮಟ್ಟಿಗೆ ಅಳಿಯಿತು. ಇದು ನಿಜವಾಗಿಯೂ ದೊಡ್ಡ ಗೆಲುವು. ಆದರೆ ಕಾಲ ಬದಲಾದರೂ ಮಕ್ಕಳಿಗೆ ಕ್ಯಾಲೊರಿ ತುಂಬುವ ಲೆಕ್ಕಾಚಾರ ಬೇಗ ಬದಲಾಗಲಿಲ್ಲ. ವಯಸ್ಸಿಗೆ ತಕ್ಕ ತೂಕವಿಲ್ಲ ಎಂದು ಗುರುತಿಸಿದ ಎಷ್ಟೋ ಮಕ್ಕಳು ಕುಳ್ಳಗಿದ್ದರೇ ಹೊರತು ಬಡಕಲಾಗಿರಲಿಲ್ಲ. ಅವರಿಗೆ ಬೇಕಿದ್ದುದು ಒಳ್ಳೆಯ ಪ್ರೋಟೀನ್, ಸತು, ಕಬ್ಬಿಣ. ಸಿಕ್ಕಿದ್ದು ಹೆಚ್ಚುವರಿ ಶಕ್ತಿ. ಅಲ್ಲಿನ ಪೌಷ್ಟಿಕಾಂಶ ತಜ್ಞ ರಿಕಾರ್ಡೊ ಉವಾಯ್ ಮತ್ತು ಸಂಗಡಿಗರು ಇದನ್ನು ಎತ್ತಿ ತೋರಿಸುವ ಹೊತ್ತಿಗೆ ತಂಪು ಪಾನೀಯ, ಕುರುಕಲು ತಿಂಡಿಗಳೂ ಮನೆಮನೆಗೆ ನುಗ್ಗಿದ್ದವು.

ವೈದ್ಯರೂ ಸಂಸದರೂ ಆಗಿದ್ದ ಗಿಡೊ ಗಿರಾರ್ಡಿ ವರ್ಷಗಟ್ಟಲೆ ಹೋರಾಡಿ 2012ರಲ್ಲಿ ಒಂದು ಕಾನೂನು ಮಾಡಿಸಿದರು. ಅದು ಜಾರಿಗೆ ಬಂದದ್ದು 2016ರ ಜೂನ್‌ನಲ್ಲಿ. ಸಕ್ಕರೆ, ಉಪ್ಪು, ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು, ಕ್ಯಾಲೊರಿ ಮಿತಿಮೀರಿದ ಪ್ಯಾಕೆಟ್ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಇರಲೇಬೇಕು. ನಾಲ್ಕೂ ಮೀರಿದರೆ ನಾಲ್ಕು ಮುದ್ರೆ. ಮುದ್ರೆಯಿರುವ ತಿನಿಸನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಸಕ್ಕರೆ ಲೇಪಿಸಿದ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲೆ ದಶಕಗಳಿಂದ ನಗುತ್ತಿದ್ದ ಹುಲಿಯ ಚಿತ್ರವೂ ಹೋಯಿತು. ಮೊದಲ ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಶೇ 24 ಇಳಿಯಿತು. ಅಕ್ಷರ ಬಾರದ ಅಜ್ಜಿಗೂ ಅಂಗಡಿಯಲ್ಲಿ ನಿಂತೇ ಅರ್ಥವಾಗುವ ಮುದ್ರೆ ಅದು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಇದೇ.

ಆದರೂ ಚಿಲಿಯ ಶಾಲಾ ವಯಸ್ಸಿನವರಲ್ಲಿ ಬೊಜ್ಜು ಈಗಲೂ ಶೇ 27 ಎನ್ನುತ್ತದೆ ಯುನಿಸೆಫ್ ವರದಿ. ಖರೀದಿ ಬದಲಾದಷ್ಟು ಬೇಗ ಮೈ ಬದಲಾಗುವುದಿಲ್ಲ. ಕಾರಣವನ್ನು ದೆಹಲಿಯ ಅಧ್ಯಯನವೊಂದರಲ್ಲಿ ಕಾಣಬಹುದು. ಅಲ್ಲಿ 1969ರಿಂದ ಹುಟ್ಟಿದ ಮಕ್ಕಳನ್ನು ಮತ್ತೆ ಮತ್ತೆ ತೂಗಿ, ಅಳೆದು ದೊಡ್ಡವರಾಗುವ ತನಕ ಹಿಂಬಾಲಿಸಿದರು. ಮೂವತ್ತರ ಆಸುಪಾಸಿನಲ್ಲೇ ಮಧುಮೇಹಕ್ಕೋ ಅದರ ಹೊಸ್ತಿಲಿಗೋ ಬಂದವರು ಎರಡು ವರ್ಷದ ವಯಸ್ಸಿನಲ್ಲಿ ಸಣಕಲಾಗಿದ್ದವರು. ಸಾಮಾನ್ಯವಾಗಿ ಮಗು ನಡೆದಾಡಲು ಶುರು ಮಾಡಿದ ಮೇಲೆ ತೆಳ್ಳಗಾಗುತ್ತಾ ಹೋಗಿ, ಐದಾರು ವರ್ಷಕ್ಕೆ ಮತ್ತೆ ಮೈ ತುಂಬಿಕೊಳ್ಳುತ್ತದೆ. ಇವರಲ್ಲಿ ಆ ತಿರುವು ಬೇಗ ಬಂದಿತ್ತು, ಆಮೇಲೆ ಬಿಎಂಐ ಏರುತ್ತಲೇ ಹೋಗಿತ್ತು. ಹನ್ನೆರಡು ವರ್ಷದಲ್ಲೂ ಇವರಲ್ಲಿ ಒಬ್ಬರನ್ನೂ ಬೊಜ್ಜಿನ ಮಗು ಎಂದು ಯಾವ ವೈದ್ಯರೂ ಹೇಳುವಂತಿರಲಿಲ್ಲ.

ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದು ಇಂದಿಗೂ ವಯಸ್ಸಿಗೆ ತಕ್ಕ ಎತ್ತರವಿಲ್ಲದ್ದು. ದೇಶದಲ್ಲಿ ಅದೇ ವಯಸ್ಸಿನ ಅತಿತೂಕದ ಮಕ್ಕಳ ಪಾಲು ಎರಡು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಶೇ 2.1ರಿಂದ 3.4ಕ್ಕೆ ಏರಿದೆ. ಇಂಥ ಮಗು ಕೊಂಚ ಮೈ ತುಂಬಿಕೊಂಡರೆ ನಾವು ದೃಷ್ಟಿ ತೆಗೆಯುತ್ತೇವೆ. ಇನ್ನೂ ಕೊಂಚ ತುಂಬಿಕೊಂಡರೆ ತಿಂಡಿಪೋತ ಎಂದು ಹಂಗಿಸುತ್ತೇವೆ. ಅದರ ಸ್ನಾಯುವಿನ ಲೆಕ್ಕ ಅದು ಹುಟ್ಟುವ ಮೊದಲೇ ಬಿದ್ದುಹೋಗಿತ್ತು. ಮಗುವನ್ನು ಹಂಗಿಸುವುದು ಅನ್ಯಾಯ.

ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಶಾಲೆಯ ಆವರಣದಲ್ಲೂ ಸುತ್ತಲಿನ 50 ಮೀಟರ್‌ನಲ್ಲೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಬಾರದೆಂಬ ನಿಯಮ ನಮ್ಮಲ್ಲಿ 2020ರಲ್ಲೇ ಬಂದಿದೆ. ಗೇಟಿನಾಚೆಯ ಅಂಗಡಿಯಲ್ಲಿ ತೂಗುವ ಚಿಪ್ಸ್ ಪ್ಯಾಕೆಟ್‌ಗಳ ಮಾಲೆಗೆ ಅದು ಇನ್ನೂ ತಟ್ಟಿಲ್ಲ. 2022ರ ಕರಡಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕೆಟ್‌ಗೆ ನಕ್ಷತ್ರ ಕೊಡಲು ಹೊರಟಿತು. ನಕ್ಷತ್ರ ಮೆಚ್ಚುಗೆಯ ಗುರುತು. ಎಚ್ಚರಿಸಬೇಕಾದ ಜಾಗದಲ್ಲಿ ಅದು ಬರಕೂಡದು, ಚಿಲಿಯಂಥ ಕಪ್ಪು ಮುದ್ರೆಯೇ ಬೇಕು. ಬಿಸಿಯೂಟದ ಮೊಟ್ಟೆಗೆ ಕೈ ಹಾಕುವ ಮಾತನ್ನಂತೂ ಯಾರೂ ಆಡಬಾರದು.

ಬಸುರಿಯಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವರ್ಷಕ್ಕೇ ಹೆಚ್ಚು ಕೊಬ್ಬಿತ್ತೆಂದು ಮೈಸೂರಿನ ಅಧ್ಯಯನ ಕಂಡುಕೊಂಡಿದೆ. ಆ ಹುಡುಗಿಯರಿಗೆ ಈಗ ಸ್ವತಃ ತಾಯಿಯಾಗುವ ವಯಸ್ಸು. ಹಾಗಾಗಿ ಗರ್ಭಿಣಿಯ ಗ್ಲೂಕೋಸ್ ಪರೀಕ್ಷೆ ಮತ್ತು ಅವಳ ತಟ್ಟೆಯ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಬೊಜ್ಜು ತಡೆಯುವ ಕೆಲಸದ ಭಾಗವೇ.

ಮನೆಯವರು, ಮೇಷ್ಟ್ರುಗಳು ಮಾಡಬಹುದಾದದ್ದು ಸುಲಭ: ಆರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಡುವುದು. ಭಾರತದ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಬಿಎಂಐ ಪಟ್ಟಿ ಹೊರತಂದಿದೆ; ಅತಿತೂಕ, ಬೊಜ್ಜಿನ ಗೆರೆಗಳನ್ನು ವಯಸ್ಕರ 25, 30ರ ಬದಲು 23, 27ಕ್ಕೆ ಸರಿಹೊಂದುವಂತೆ ಕೆಳಗಿಳಿಸಿದೆ. ಅದರ ಮೇಲೆ ಮಗುವಿನ ಚುಕ್ಕೆಗಳನ್ನು ಇಟ್ಟು, ಅವು ಯಾವ ಕಡೆ ಹೊರಟಿವೆ ಎಂದು ನೋಡಬೇಕು. 10ನೇ ಗೆರೆಯಲ್ಲಿದ್ದ (ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಹತ್ತು ಮಕ್ಕಳ ಬಿಎಂಐ ಮಾತ್ರ ತನಗಿಂತ ಕಡಿಮೆಯಿರುವ) ಮಗು ಎರಡು ವರ್ಷದಲ್ಲಿ 50ಕ್ಕೆ ಬಂದರೆ ಪಟ್ಟಿಯ ಪ್ರಕಾರ ಆಗಲೂ ಅದು ನಾರ್ಮಲ್. ಆದರೂ ವೈದ್ಯರಿಗೆ ತೋರಿಸಿ. ದೆಹಲಿಯಲ್ಲಿ ಮಧುಮೇಹಕ್ಕೆ ತುತ್ತಾದವರೂ ಬಾಲ್ಯದಲ್ಲಿ ಹೀಗೇ ಮೇಲೇರಿದ್ದರು.