ಕಟೌಟ್‌ಗೆ ಹಾಲು ಎರೆಯುವವರು ಮರುಳರೇ?

ಪ್ರಶ್ನೆ: ರಾಜರ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಆದರೂ ನಮ್ಮ ಗೌರಿಬಿದನೂರು, ಚಿಂತಾಮಣಿ ಕಡೆ ಹುಡುಗರು ನಟರ ಕಟೌಟ್‌ಗೆ ಹಾಲು ಎರೆಯುತ್ತಾರೆ. ರಾಜರಿಗೆ ಅಡ್ಡಬಿದ್ದ ಗುಲಾಮಗಿರಿ ರಕ್ತದಲ್ಲೇ ಉಳಿದಿದೆ ಅಲ್ವಾ? ವಿಮರ್ಶಾ ಸಿದ್ಧಾಂತವೂ ಇದನ್ನೇ ಹೇಳುತ್ತದಂತೆ?

ಇಲ್ಲ, ವಿಮರ್ಶಾ ಸಿದ್ಧಾಂತ, ಅಂದರೆ ಸಮಾಜ, ಸಂಸ್ಕೃತಿಗಳ ಹಿಂದಿರುವ ಅಧಿಕಾರವನ್ನು ಪ್ರಶ್ನಿಸುವ ಚಿಂತನೆ, ಹಾಗೆ ಹೇಳುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಬಿ.ಎ. ಹುಡುಗರೂ ಕೇಳುತ್ತಾರೆ, ನಿವೃತ್ತ ಮೇಷ್ಟ್ರುಗಳೂ ಕೇಳುತ್ತಾರೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ರಕ್ತದ ಮಾತು. ಗೌರಿಬಿದನೂರಿನವರೇ ಇದನ್ನು ಕೇಳಿದರೆ ನನಗೆ ಬೇಸರ ಜಾಸ್ತಿ. ವಿದುರಾಶ್ವತ್ಥ ನಿಮ್ಮ ತಾಲ್ಲೂಕಿನಲ್ಲೇ ಇದೆ. 1938ರ ಏಪ್ರಿಲ್ 25ರಂದು ಮೈಸೂರು ಸರ್ಕಾರದ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಲು ಅಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಅದು ಬ್ರಿಟಿಷರ ನೇರ ಆಡಳಿತದ ಜಾಗವಲ್ಲ, ಮಹಾರಾಜರ ಸೀಮೆ. ಆದರೂ ಮೈಸೂರು ಕಾಂಗ್ರೆಸ್ ಕೇಳುತ್ತಿದ್ದುದು ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಕಾಂಗ್ರೆಸ್ ಬಾವುಟವನ್ನು ಮೈಸೂರು ಬಾವುಟದ ಜೊತೆಗೆ ಹಾರಿಸಬಹುದು ಎಂದು ತೀರ್ಮಾನವಾಯಿತು. ನಾಲ್ವಡಿಯವರ ಮೇಲೆ ಗೌರವ ಇಟ್ಟುಕೊಂಡೇ ಅವರ ಸರ್ಕಾರದ ಮುಂದೆ ಎದೆಯೊಡ್ಡಿದ ಜನ ಇವರು. ಇವರನ್ನು ಗುಲಾಮರು ಅನ್ನುವುದು ಹೇಗೆ?

ರಾಜನೇ ಬೇರೆ, ಅವನ ಪದವಿಯೇ ಬೇರೆ ಎಂಬ ತಿಳುವಳಿಕೆ ಯುರೋಪಿನಲ್ಲೂ ಇತ್ತು. ಇತಿಹಾಸಕಾರ ಅರ್ನ್ಸ್ಟ್ ಕಾಂಟೊರೊವಿಚ್ 1957ರಲ್ಲಿ ಇದನ್ನು ರಾಜನ ಎರಡು ದೇಹ ಎಂದು ವಿವರಿಸಿದರು: ಒಂದು ಸಾಯುವ ಮೈ, ಇನ್ನೊಂದು ಸಾಯದ ಪದವಿ. 1640ರ ದಶಕದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ರಾಜನ ಹೆಸರಿನಲ್ಲೇ ರಾಜನ ವಿರುದ್ಧ ಯುದ್ಧ ಮಾಡಿತು.

ಇನ್ನು ಸಿದ್ಧಾಂತ. ಇದನ್ನು ಕಟ್ಟಿದ ಜರ್ಮನಿಯ ಚಿಂತಕರಾದ ಅಡೋರ್ನೊ ಮತ್ತು ಹಾರ್ಕೈಮರ್ 1940ರ ದಶಕದಲ್ಲಿ ‘ಸಂಸ್ಕೃತಿ ಉದ್ಯಮ’ದ ಬಗ್ಗೆ ಬರೆದರು. ಸಿನಿಮಾ, ರೇಡಿಯೊ ಎಲ್ಲರ ಮನಸ್ಸನ್ನೂ ಒಂದೇ ಅಚ್ಚಿಗೆ ಹಾಕುತ್ತವೆ ಎಂಬುದು ಅವರ ವಾದ. ಜನ ಇಷ್ಟನ್ನು ಓದಿ ನಿಲ್ಲಿಸಿಬಿಡುತ್ತಾರೆ. ಮುಂದೆ ಏನಾಯಿತು ಅಂತ ನೋಡುವುದೇ ಇಲ್ಲ. 1966ರಲ್ಲಿ ನೆದರ್ಲೆಂಡ್ಸ್ ರಾಜಕುಮಾರಿ ಬಿಯಾಟ್ರಿಕ್ಸ್ ಜರ್ಮನಿಯ ಕ್ಲೌಸ್ ಎಂಬ ರಾಜತಾಂತ್ರಿಕನನ್ನು ಮದುವೆಯಾದರು. ಟಿವಿ, ಪತ್ರಿಕೆ ಎಲ್ಲಿ ನೋಡಿದರೂ ಅದೇ ಸುದ್ದಿ. ಅಡೋರ್ನೊ ಇದ್ದ ಫ್ರಾಂಕ್‌ಫರ್ಟಿನ ಸಮಾಜ ಸಂಶೋಧನಾ ಸಂಸ್ಥೆ ಈ ಬಗ್ಗೆ ಜರ್ಮನ್ ಜನರನ್ನೇ ಕೇಳಿತು. ಉಸಿರು ಬಿಗಿಹಿಡಿದು ಮದುವೆ ನೋಡಿದವರೇ, ರಾಜಕೀಯವಾಗಿ ಇದು ಎಷ್ಟು ದೊಡ್ಡದು ಎಂದಾಗ ತಣ್ಣಗೆ ಅಳೆದು ತೂಗಿ ಉತ್ತರ ಕೊಟ್ಟರು. 1969ರಲ್ಲಿ ಅಡೋರ್ನೊ ಇದನ್ನು ತಾವೇ ರೇಡಿಯೊದಲ್ಲಿ ಹೇಳಿದರು. ಜನ ನೋಡುತ್ತಾರೆ, ಸವಿಯುತ್ತಾರೆ, ಆದರೆ ಪೂರ್ತಿ ನಂಬುವುದಿಲ್ಲ ಎಂಬುದು ಅದರ ಸಾರ.

ಆದ್ದರಿಂದ ಅಭಿಮಾನಿಯ ತಲೆ ಪರೀಕ್ಷೆ ಬಿಡಿ. ಥಿಯೇಟರ್ ಮುಂದಿನ ಫ್ಲೆಕ್ಸ್ ನೋಡಿ. ಮೇಲಿನ ನಟನ ಮುಖವಲ್ಲ, ಕೆಳಗಿನ ಸಾಲು. ಕೂಲಿಂಗ್ ಗ್ಲಾಸ್ ಹಾಕಿ ಕೈಮುಗಿದ ಪುಟ್ಟ ಪುಟ್ಟ ಫೋಟೊಗಳು. ಸಂಘದ ಅಧ್ಯಕ್ಷನದು ಸ್ವಲ್ಪ ದೊಡ್ಡದು, ಕಾರ್ಯದರ್ಶಿಯದು ಚಿಕ್ಕದು, ಮೂಲೆಯಲ್ಲಿ ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿರುವವನು. ಡೇರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳಕ್ಕೆ ನಿಲ್ಲುವ ಮನೆಗಳ ಹುಡುಗರು ಇವರು. ಹಾಲಿನ ಬೆಲೆ ಗೊತ್ತಿಲ್ಲದೆ ಸುಮ್ನೆ ಸುರಿಯುವುದಿಲ್ಲ. ನಟನ ಮೇಲಿನ ಪ್ರೀತಿ ನಿಜ. ಊರಲ್ಲಿ ತನ್ನ ಮುಖ ಕಾಣಬೇಕೆಂಬ ಆಸೆಯೂ ಅಷ್ಟೇ ನಿಜ. ಈ ದುಡಿಮೆಯಿಂದ ಸಿನಿಮಾಕ್ಕೆ ಬಿಟ್ಟಿ ಪ್ರಚಾರ ಸಿಗುತ್ತದೆ. ಮೊದಲ ದಿನದ ಕಲೆಕ್ಷನ್‌ನಲ್ಲಿ ಮಾತ್ರ ಇವರಿಗೆ ಪಾಲಿಲ್ಲ. ಸಿದ್ಧಾಂತ ಬೆರಳಿಟ್ಟು ತೋರಿಸಬೇಕಾದ್ದು ಇಲ್ಲಿ.

ಇನ್ನೊಂದು ಪ್ರಶ್ನೆಯಿದೆ, ಅದನ್ನು ಯಾರೂ ಕೇಳುವುದಿಲ್ಲ. ಆ ಫ್ಲೆಕ್ಸ್ ಮೇಲೆ ದೊಡ್ಡದಾಗಿ ನಟಿ ಯಾಕಿಲ್ಲ? ನಟಿ ಸೌಂದರ್ಯ ಮುಳಬಾಗಿಲು ಕಡೆಯವರು ಅಂತ ನಮಗೆಲ್ಲ ಹೆಮ್ಮೆ. ಕನ್ನಡ, ತೆಲುಗು ಎರಡರಲ್ಲೂ ದೊಡ್ಡ ಹೆಸರು. ಆದರೂ ನಟರಿಗೆ ಸಿಕ್ಕಂಥ ಸಂಘ, ಮೆರವಣಿಗೆ, ಹಾಲಿನ ಅಭಿಷೇಕ ಅವರಿಗೆ ಸಿಗಲಿಲ್ಲ. ಅಭಿಮಾನಿ ಸಂಘ ಎಂದರೆ ಹುಡುಗರು ಮುಖಂಡರಾಗುವ ಮೆಟ್ಟಿಲು. ಮೇಲೆ ಒಬ್ಬ ಅಣ್ಣ ಇದ್ದರೆ ತಾನು ಅವನ ತಮ್ಮ ಎಂದು ಓಡಾಡಬಹುದು. ಥಿಯೇಟರ್ ಮುಂದೆ ರಾತ್ರಿಯಿಡೀ ಗುಂಪು ಕಟ್ಟಲು ಹುಡುಗಿಯರನ್ನು ಮನೆಯಲ್ಲಿ ಬಿಡುವುದೂ ಇಲ್ಲ. ಈಗ ಫೋನಿನಲ್ಲಿ ನೆಚ್ಚಿನ ತಾರೆಯ ವಿಡಿಯೊ ಕತ್ತರಿಸಿ, ಜೋಡಿಸಿ ಹಾಕುವ ಹುಡುಗಿಯರು ಬೇಕಾದಷ್ಟು ಇದ್ದಾರೆ. ಆ ಕೆಲಸಕ್ಕೆ ನಗರಸಭೆ ಟಿಕೆಟ್ ಮಾತ್ರ ಯಾರೂ ಕೊಡುವುದಿಲ್ಲ.