ಕೋಡ್ ಬರೆದವರು ಯಾರು? ಶನಿವಾರದ ಓದಿನ ಟಿಪ್ಪಣಿ

ಶನಿವಾರ ರಾಯಚೂರಿನಲ್ಲಿ ಏಳು ಜನ ಕೂತು ಓದಿದ್ದನ್ನು ಬರಲಾಗದವರಿಗಾಗಿ ಬರೆದಿಡುತ್ತಿದ್ದೇನೆ. ವಿಷಯ, ಐಟಿ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಎದುರಾಗುವ ತಾರತಮ್ಯ. ಕರೆಂಟ್ ಎರಡು ಸಲ ಹೋಯಿತು, ಮಾತು ಮಾತ್ರ ನಿಲ್ಲಲಿಲ್ಲ.

ಮೊದಲು ನನ್ನದೇ ಕಥೆ. ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ. ತಂಡದಲ್ಲಿ ಮೂವರು ಹುಡುಗರು, ನಾನೊಬ್ಬಳು. ಡೇಟಾಬೇಸ್ ಕೆಲಸ ಪೂರ್ತಿ ನನ್ನದು. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಡೇಟಾಬೇಸ್ ಪ್ರಶ್ನೆಗಳನ್ನೆಲ್ಲ ಹುಡುಗರಿಗೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಪಿಪಿಟಿ ನೀ ಮಾಡೀಯೇನವ್ವಾ? ಚಂದ ಐತಿ" ಅಂದರು. ಪಿಪಿಟಿ ಮಾಡಿದ್ದು ಹುಡುಗರು! ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಹೊಗಳಿದವರಿಗೆ ಏನು ಹೇಳುವುದು? ಸುಮ್ನೆ ತಲೆಯಾಡಿಸಿ ಬಂದೆ.

ಇದು ಹಳೇ ಚಾಳಿ. 1946ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಜನರ ಮುಂದೆ ಓಡಿಸಿ ತೋರಿಸಿದರು. ಅದಕ್ಕೆ ಪ್ರೋಗ್ರಾಂ ಮಾಡುತ್ತಿದ್ದವರು ಆರು ಮಹಿಳೆಯರು. ಅವತ್ತು ತೋರಿಸಿದ ಲೆಕ್ಕವನ್ನು ಸಿದ್ಧಮಾಡಿದವರು ಅವರಲ್ಲಿಬ್ಬರು, ಜೀನ್ ಜೆನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್. ರಾತ್ರಿಯ ಔತಣಕ್ಕೆ ಇವರನ್ನು ಕರೆಯಲೇ ಇಲ್ಲ. "ಊಟಕ್ಕೂ ಕರೀಲಿಲ್ಲೇನಕ್ಕಾ?" ಅಂತ ನಮ್ಮಲ್ಲೊಬ್ಬಳು ಕೇಳಿದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ ಬಿಡಿ.

ಸುಧಾ ಮೂರ್ತಿಯವರ ಪ್ರಸಂಗ ಎಲ್ಲರಿಗೂ ಗೊತ್ತು. 1974ರಲ್ಲಿ ಟಾಟಾದವರ ಟೆಲ್ಕೊ ಕಂಪನಿಯ ಕೆಲಸದ ಜಾಹೀರಾತು ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡ ಅಂದಿತ್ತು. ಇವರು ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದರು, ಕೆಲಸವೂ ಸಿಕ್ಕಿತು. ನಾವು ಗಮನಿಸಬೇಕಾದ್ದು ಬೇರೆ. ಆಗ ಅದು ಅಚ್ಚಾಗಿತ್ತು, ಬೆರಳಿಟ್ಟು ತೋರಿಸಬಹುದಿತ್ತು. ಈಗ ಹಾಗೆ ಯಾರೂ ಅಚ್ಚು ಹಾಕುವುದಿಲ್ಲ. ಹಾಗಾದರೆ ಹಿಡಿಯುವುದು ಹೇಗೆ?

ಒಂದು ದಾರಿ, ಹೆಸರು ಮುಚ್ಚಿ ನೋಡುವುದು. ಗಿಟ್‌ಹಬ್ ಅಂದರೆ ಪ್ರೋಗ್ರಾಂಗಳ ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ. ಅಲ್ಲಿನ ಪ್ರಾಜೆಕ್ಟುಗಳಿಗೆ ಯಾರು ಬೇಕಾದರೂ ತಮ್ಮ ಕೋಡ್ ಕಳಿಸಬಹುದು, ಅದನ್ನು ಒಪ್ಪುವುದು ಬಿಡುವುದು ಆ ಪ್ರಾಜೆಕ್ಟಿನವರಿಗೆ ಬಿಟ್ಟದ್ದು. 2017ರಲ್ಲಿ ಬಂದ ಅಧ್ಯಯನವೊಂದು ಇದನ್ನೇ ಲೆಕ್ಕ ಹಾಕಿತು. ಪ್ರಾಜೆಕ್ಟಿಗೆ ಹೊಸಬರಾದವರಲ್ಲಿ, ಕಳಿಸಿದವಳು ಹೆಣ್ಣು ಅಂತ ಪ್ರೊಫೈಲ್‌ನಿಂದ ತಿಳಿಯದಿದ್ದಾಗ ಮಹಿಳೆಯರ ಕೋಡ್ ಗಂಡಸರದ್ದಕ್ಕಿಂತ ಜಾಸ್ತಿ ಒಪ್ಪಿಗೆಯಾಗಿತ್ತು. ತಿಳಿದಾಗ ಗಂಡಸರದ್ದಕ್ಕಿಂತ ಕಡಿಮೆ.

ಹಾಗಾದರೆ ಮನುಷ್ಯರನ್ನು ಬಿಟ್ಟು ಮಷೀನಿಗೇ ಆರಿಸಲು ಕೊಡೋಣ ಅಂತೀರಾ? ಅಮೆಜಾನ್ ಅದನ್ನೂ ಮಾಡಿ ನೋಡಿತು. ಸುಮಾರು 10 ವರ್ಷಗಳ ರೆಸ್ಯೂಮೆಗಳನ್ನು ಓದಿಸಿ ಸಾಫ್ಟ್‌ವೇರ್ ತಯಾರಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಆದ್ದರಿಂದ ಅದು ಗಂಡಸರೇ ಒಳ್ಳೆಯವರು ಅಂತ ಕಲಿಯಿತು. ರೆಸ್ಯೂಮೆಯಲ್ಲಿ 'ಮಹಿಳಾ' ಎಂಬರ್ಥದ ಪದ ಕಂಡರೆ ಅಂಕ ಇಳಿಸುತ್ತಿತ್ತು. ಎರಡು ಮಹಿಳಾ ಕಾಲೇಜುಗಳವರಿಗೂ ಇದೇ ಗತಿ. ಸುದ್ದಿ ಹೊರಬಿದ್ದದ್ದು 2018ರಲ್ಲಿ, ಅಷ್ಟರಲ್ಲಿ ಅದನ್ನು ಕೈಬಿಟ್ಟಿದ್ದರು. ಇಲ್ಲಿ ನಮ್ಮ ಕೋಣೆ ಒಂದು ಗಳಿಗೆ ಸುಮ್ಮನಾಯಿತು. ಕೂತವರಲ್ಲಿ ಮೂವರ ಅಂಕಪಟ್ಟಿಯ ನೆತ್ತಿಯ ಮೇಲೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಅಂತಲೇ ಇದೆ, ಅಲ್ವಾ?

ಕಾನೂನಿನ ಬಗ್ಗೆ ಒಂದೇ ಮಾತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಇಎಸ್‌ಐ, ಅಂದರೆ ಸರ್ಕಾರದ ನೌಕರರ ವಿಮೆ, ಇಲ್ಲದ ಕಡೆ ಆ ರಜೆಯ ಸಂಬಳವನ್ನು ಕಂಪನಿಯೇ ಕೊಡಬೇಕು. "ಮದುವೆ ಯಾವಾಗಮ್ಮಾ?" ಅಂತ ಇಂಟರ್‌ವ್ಯೂನಲ್ಲಿ ಕೇಳುವುದರ ಹಿಂದೆ ಈ ಲೆಕ್ಕವೂ ಇರುತ್ತದೆ ಅಂತ ನನ್ನ ಅನಿಸಿಕೆ.

ಮುಂದಿನ ಶನಿವಾರ ಎಲ್ಲರೂ ರೆಸ್ಯೂಮೆಯ ಎರಡು ಪ್ರತಿ ತನ್ನಿ. ಒಂದರಲ್ಲಿ ಹೆಸರು, ಕಾಲೇಜು ಎರಡನ್ನೂ ಪೆನ್ನಿನಿಂದ ಹೊಡೆದು ಹಾಕಿರಿ. ಅದನ್ನೇ ಮೊದಲು ಓದೋಣ.