ಪಕ್ಕದ ಮನೆಯ ಯುದ್ಧ, ಹಿತ್ತಿಲ ಬಾಗಿಲ ಸಿನಿಮಾ

ಧನುಷ್ಕೋಡಿಯಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸುಮಾರು 30 ಕಿಲೋಮೀಟರ್. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಅಂಗಡಿ, ಮನೆಗಳಿಗೆ ಬೆಂಕಿ ಬಿದ್ದ ಮೇಲೆ ಆ ಕಡಲನ್ನು ದೋಣಿಯಲ್ಲಿ ದಾಟಿ ಬಂದವರು ಸಾವಿರಾರು ಜನ. ಇಷ್ಟು ಹತ್ತಿರದ ಯುದ್ಧ. ಆದರೂ ಅದನ್ನು ನೇರವಾಗಿ ತೋರಿಸುವ ತಮಿಳು ಸಿನಿಮಾಗಳು ಎಷ್ಟಿವೆ ಅಂತ ಲೆಕ್ಕ ಹಾಕಿದರೆ ಬೆರಳುಗಳೇ ಜಾಸ್ತಿಯಾಗುತ್ತವೆ. ಮಣಿರತ್ನಂ ಅವರ 2002ರ 'ಕನ್ನತ್ತಿಲ್ ಮುತ್ತಮಿಟ್ಟಾಲ್' ಯಾಕೆ ಹಾಗಿದೆ ಅಂತ ತಿಳಿಯಬೇಕಾದರೆ ಈ ಹಿಂಜರಿಕೆಯಿಂದಲೇ ಶುರು ಮಾಡಬೇಕು.

ಎಲ್ಲ ಬದಲಾಗಿದ್ದು 1991ರ ಮೇ 21ರಂದು. ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು, ಅದರ ಹಿಂದಿದ್ದ, ಲಂಕಾ ಸರ್ಕಾರದ ವಿರುದ್ಧ ಪ್ರತ್ಯೇಕ ತಮಿಳು ನಾಡಿಗಾಗಿ ಯುದ್ಧ ಮಾಡುತ್ತಿದ್ದ ಎಲ್‌ಟಿಟಿಇ ಮರುವರ್ಷ ಭಾರತದಲ್ಲಿ ನಿಷೇಧಿತ ಸಂಘಟನೆಯಾಯಿತು. ಆಮೇಲೆ ಸಿನಿಮಾದವರ ಪಾಡು ಇಬ್ಬಂದಿಯದು. ಹೋರಾಟಗಾರರ ಬಗ್ಗೆ ಮರುಕ ತೋರಿಸಿದರೆ ಸೆನ್ಸಾರ್ ಬಿಡುವುದಿಲ್ಲ, ಟೀಕಿಸಿದರೆ ತಮಿಳುನಾಡಿನಲ್ಲೇ ಒಂದಷ್ಟು ಜನ ಸುಮ್ನೆ ಇರುವುದಿಲ್ಲ. ರಾಜೀವ್ ಹತ್ಯೆಯ ಹಿನ್ನೆಲೆಯಲ್ಲಿ ಆರ್.ಕೆ. ಸೆಲ್ವಮಣಿ 90ರ ದಶಕದ ಆರಂಭದಲ್ಲೇ ತೆಗೆದ 'ಕುಟ್ರಪತ್ರಿಕೈ' ತೆರೆಗೆ ಬಂದದ್ದು 2007ರಲ್ಲಿ! ಹೆಚ್ಚುಕಮ್ಮಿ ಹದಿನೈದು ವರ್ಷ ಡಬ್ಬದಲ್ಲೇ ಕೂತಿತ್ತು.

ಇದನ್ನು ನೋಡಿದವರು ಯಾರಾದರೂ ಹುಷಾರಾಗುತ್ತಾರೆ ಅಲ್ವಾ? 1998ರಲ್ಲಿ ಸಂತೋಷ್ ಶಿವನ್ ಮಾನವ ಬಾಂಬ್ ಆಗಲು ಹೊರಟ ಹುಡುಗಿಯ ಕಥೆಯನ್ನು 'ದಿ ಟೆರರಿಸ್ಟ್' ಹೆಸರಲ್ಲಿ ತಮಿಳಿನಲ್ಲಿ ಮಾಡಿದರು. ಅದರಲ್ಲಿ ಸಂಘಟನೆಯ ಹೆಸರಿಲ್ಲ, ಆ ಹುಡುಗಿ ಕೊಲ್ಲಬೇಕಾದ ನಾಯಕನ ಹೆಸರೂ ಇಲ್ಲ. ನೋಡುವವರಿಗೆ ಎಲ್ಲ ಗೊತ್ತಾಗುತ್ತದೆ, ಆ ಮಾತು ಬೇರೆ.

ಮಣಿರತ್ನಂ ಹುಡುಕಿಕೊಂಡ ದಾರಿ ಒಂದು ಮಗು. ರಾಮೇಶ್ವರದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ, ಚೆನ್ನೈನ ದಂಪತಿ ಸಾಕಿಕೊಂಡ ಅಮುದಾ. ಒಂಬತ್ತನೇ ಹುಟ್ಟುಹಬ್ಬದ ದಿನ ನೀನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಅಂತ ಹೇಳುತ್ತಾರೆ, ಅವಳು ಹೆತ್ತ ತಾಯಿಯನ್ನು ನೋಡಲೇಬೇಕು ಅಂತ ಹಟ ಹಿಡಿಯುತ್ತಾಳೆ. ಆ ತಾಯಿ ಇರುವುದು ಯುದ್ಧಭೂಮಿಯಲ್ಲಿ, ಬಂದೂಕು ಹಿಡಿದವರ ಜೊತೆ. ಮಗು ಪ್ರಶ್ನೆ ಕೇಳಿದರೆ ಯಾವ ಸೆನ್ಸಾರ್ ಏನಂದೀತು? ಇದು ಜಾಣತನವೂ ಹೌದು, ಸ್ವಲ್ಪ ತಪ್ಪಿಸಿಕೊಳ್ಳುವಿಕೆಯೂ ಹೌದು ಅನ್ನುವುದು ನನ್ನ ಅಭಿಪ್ರಾಯ.

ಸಂಭಾಷಣೆ ಸುಜಾತಾ ಅವರದು, ಕ್ಯಾಮೆರಾ ರವಿ ಕೆ. ಚಂದ್ರನ್ ಅವರದು. ಕಥೆ ಲಂಕೆಯದಾದರೂ ಯುದ್ಧ ನಡೆಯುತ್ತಿದ್ದ ನೆಲಕ್ಕೆ ಇಡೀ ತಂಡವನ್ನು ಕರೆದುಕೊಂಡು ಹೋಗುವುದು ಆಗದ ಮಾತು, ಹಾಗಾಗಿ ಲಂಕೆಯ ಜಾಗಗಳನ್ನು ಪುದುಚೇರಿ, ಕೇರಳದಲ್ಲಿ ಸೃಷ್ಟಿಸಿಕೊಂಡರು. ಮಾಧವನ್, ಸಿಮ್ರನ್ ಅಪ್ಪ ಅಮ್ಮ. ನಂದಿತಾ ದಾಸ್ ಹೆತ್ತ ತಾಯಿ. ನಟ ಪಾರ್ತಿಬನ್ ಅವರ ಮಗಳು ಕೀರ್ತನಾ ಅಮುದಾ. ಈ ಕುಟುಂಬಕ್ಕೆ ಲಂಕೆಯಲ್ಲಿ ಜೊತೆಯಾಗುವ ಸಿಂಹಳ ವೈದ್ಯ ನಮ್ಮ ಪ್ರಕಾಶ್ ರಾಜ್ (ಮಣಿರತ್ನಂ ಅವರ ಮೊದಲ ಸಿನಿಮಾ ಕನ್ನಡದ 'ಪಲ್ಲವಿ ಅನುಪಲ್ಲವಿ' ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ). ತಮಿಳು ಸಿನಿಮಾದಲ್ಲಿ, ಯುದ್ಧ ಇನ್ನೂ ಮುಗಿಯದ ಕಾಲದಲ್ಲಿ, ಒಬ್ಬ ಸಿಂಹಳೀಯನನ್ನು ಇಷ್ಟು ಪ್ರೀತಿಯಿಂದ ಬರೆದದ್ದು ಸಣ್ಣ ವಿಷಯವಲ್ಲ.

ಆ ವೈದ್ಯ ಮತ್ತು ಮಾಧವನ್ ಕಾಡಿನಲ್ಲಿ ಹೋರಾಟಗಾರರ ಕೈಗೆ ಸಿಕ್ಕಿಬೀಳುವ ದೃಶ್ಯ ನೋಡಿ. ಇನ್ನೇನು ಗುಂಡು ಹಾರಬೇಕು. ಬರಹಗಾರನಾದ ಮಾಧವನ್ ತಮಿಳಿನಲ್ಲಿ ಕವಿತೆಯ ಸಾಲು ಹೇಳತೊಡಗುತ್ತಾನೆ, ಬಂದೂಕು ಹಿಡಿದು ನಿಂತ ಹೋರಾಟಗಾರ (ನಟ ಪಶುಪತಿ) ಅದನ್ನು ಮುಂದುವರಿಸುತ್ತಾನೆ. ಭಾಷೆ ಗೊತ್ತಿದ್ದದ್ದಕ್ಕೆ ಜೀವ ಉಳಿಯಿತು. ಜೊತೆಯಲ್ಲಿ ಆ ವೈದ್ಯ ಇಲ್ಲದಿದ್ದರೆ ಈ ದೃಶ್ಯ ಬರೀ ಭಾಷಾಭಿಮಾನವಾಗುತ್ತಿತ್ತು. ಅವನು ಇರುವುದರಿಂದ ಒಂಥರಾ ಇರಿಸುಮುರಿಸು ಆಗುತ್ತದೆ. ಅವನಿಗೆ ಯಾವ ಕವಿತೆ ನೆರವಿಗೆ ಬರಬೇಕಿತ್ತು?

ಚಿತ್ರ ಬಿಡುಗಡೆಯಾದದ್ದು 2002ರ ಫೆಬ್ರವರಿ 14ಕ್ಕೆ. ಎಂಟು ದಿನ ಕಳೆದು, ಫೆಬ್ರವರಿ 22ರಂದು, ನಾರ್ವೆಯ ಮಧ್ಯಸ್ಥಿಕೆಯಲ್ಲಿ ಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಕದನವಿರಾಮದ ಒಪ್ಪಂದವಾಯಿತು. ಶಾಂತಿ ಬರಲಿ ಅನ್ನುವ ಸಿನಿಮಾ ಇನ್ನೂ ಥಿಯೇಟರಿನಲ್ಲಿ ಓಡುತ್ತಿರುವಾಗಲೇ ಹೀಗಾದದ್ದು ಕಾಕತಾಳೀಯ, ಅಷ್ಟೇ. ರಾಷ್ಟ್ರಪ್ರಶಸ್ತಿಗಳು ಆರು ಬಂದವು: ಅತ್ಯುತ್ತಮ ತಮಿಳು ಚಿತ್ರ, ರೆಹಮಾನ್ ಸಂಗೀತಕ್ಕೆ, ವೈರಮುತ್ತು ಸಾಹಿತ್ಯಕ್ಕೆ, ಸಂಕಲನಕ್ಕೆ, ಧ್ವನಿಗ್ರಹಣಕ್ಕೆ, ಬಾಲನಟಿ ಕೀರ್ತನಾಗೆ. ಆದರೆ ಯಾರು ಯಾಕೆ ಹೊಡೆದಾಡುತ್ತಿದ್ದಾರೆ ಅನ್ನುವುದನ್ನು ಚಿತ್ರ ಬಿಡಿಸಿ ಹೇಳುವುದೇ ಇಲ್ಲ ಅನ್ನುವ ತಕರಾರು ಉಳಿದೇ ಇದೆ, ಅದರಲ್ಲಿ ನಿಜವೂ ಇದೆ. 1987ರಿಂದ 1990ರವರೆಗೆ ಭಾರತದ ಸೇನೆ ಅದೇ ನೆಲದಲ್ಲಿ ಹೋರಾಡಿ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತ್ತು. ಚಿತ್ರದ ಕಥೆ ಆ ಕಡೆ ಹೋಗುವುದೇ ಇಲ್ಲ. ಶಾಂತಿಯ ಮಾತು ಮುರಿದು, 2009ರ ಮೇನಲ್ಲಿ ಯುದ್ಧ ರಕ್ತದಲ್ಲಿ ಮುಗಿದ ಮೇಲೆ ನೋಡುವವರಿಗೆ ಈ ಮೌನ ಇನ್ನೂ ಹೆಚ್ಚು ಕಾಡುತ್ತದೆ.

ವಿಚಿತ್ರ ಅಂದರೆ, ಇದೇ ಚರಿತ್ರೆಯ ಒಂದು ತುಂಡನ್ನು ಹೆಸರು ಹಿಡಿದು, ಹಿಂಜರಿಯದೆ ತೋರಿಸಿದ್ದು ಕನ್ನಡದ ಸಿನಿಮಾ. ಎ.ಎಂ.ಆರ್. ರಮೇಶ್ ಅವರ 2006ರ 'ಸೈನೈಡ್', ರಾಜೀವ್ ಹತ್ಯೆಯ ಸಂಚು ನಡೆಸಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಅಡಗಿದ್ದ ಶಿವರಾಸನ್ ತಂಡದ ಕೊನೆಯ ದಿನಗಳ ಕಥೆ. ನಮಗೆ ಅದು ಪೊಲೀಸ್ ಕೇಸು, ಊರಿನ ನೆನಪು. ತಮಿಳರಿಗೆ ಅದು ಸ್ವಂತ ಮನೆಯ ಜಗಳ. ಅದೇ ಸಿನಿಮಾ 'ಕುಪ್ಪಿ' ಅನ್ನುವ ಹೆಸರಲ್ಲಿ ತಮಿಳಿಗೂ ಹೋಯಿತು.